ಚಿಕಿತ್ಸಾ ಮೇಜಿನಿಂದ ಇಳಿಯದಿದ್ದ ಬಗ್ಗೆ ನಿರ್ವಾಹಕಿಯ ಹೇಳಿಕೆ

ಡಿಪೋದಲ್ಲಿ ಎಲ್ಲರೂ ವಿಸಿಲಕ್ಕ ಎಂದೇ ಕರೆಯುವ ನಾನು, ವಯಸ್ಸು ನಲವತ್ತಾರು, ವೃತ್ತಿ ಬಸ್ ನಿರ್ವಾಹಕಿ, ವಾಸ ಡಿಪೋ ಹಿಂದಿನ ಸಿಬ್ಬಂದಿ ವಸತಿಗೃಹದ ಮೊದಲ ಮಹಡಿ, ಠಾಣೆಗೆ ನಾನಾಗಿಯೇ ಬಂದು ತಿಳಿಸುವುದೇನೆಂದರೆ:

ಇಂದು ಮಧ್ಯಾಹ್ನ ಕ್ಯಾನ್ಸರ್ ಆಸ್ಪತ್ರೆಯ ವಿಕಿರಣ ಕೊಠಡಿಯಲ್ಲಿ ಚಿಕಿತ್ಸಾ ಮೇಜಿನಿಂದ ಇಳಿಯಲು ನಾನು ನಿರಾಕರಿಸಿದ್ದು ನಿಜ. ದೂರು ಕೊಟ್ಟವರು ಆಸ್ಪತ್ರೆಯ ಆಡಳಿತಾಧಿಕಾರಿ. ನಾನು ಆಸ್ಪತ್ರೆಯ ಸಲಕರಣೆಯೊಂದನ್ನು ಕಸಿದುಕೊಂಡೆ ಎಂದೂ ದೂರಿನಲ್ಲಿದೆ. ಅದು ಸುಳ್ಳು.

ನನ್ನ ಸ್ತನ ಕ್ಯಾನ್ಸರ್ ಮಿದುಳಿಗೆ ಹರಡಿ ಮೂರು ಗಡ್ಡೆಗಳಾಗಿವೆ. ಬೆಳಿಗ್ಗೆ ಡಾಕ್ಟರಮ್ಮ ಕೈಯ ನರಕ್ಕೆ ನ್ಯಾನೊ ಕಣಗಳ ಔಷಧಿ ಹಾಕಿದರು. ಇದು ಇನ್ನೂ ಪ್ರಯೋಗದ ಹಂತದ ಚಿಕಿತ್ಸೆ, ಒಪ್ಪಿಯೇ ಸೇರಿದ್ದೇನೆ. ಕಣಗಳು ಗಡ್ಡೆಯೊಳಗೆ ಸೇರಿಕೊಂಡು ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತವೆ, ವಿಕಿರಣ ಬಿದ್ದಾಗ ಅದರ ಏಟನ್ನು ಅಲ್ಲೇ ಹೆಚ್ಚಿಸುತ್ತವೆ, ಆದರೆ ತಡವಾದಷ್ಟೂ ಮೂತ್ರದಲ್ಲಿ ಹೊರಟುಹೋಗುತ್ತವೆ, ಹಾಗಾಗಿ ಇವತ್ತೇ ವಿಕಿರಣ ಆಗಬೇಕು ಎಂದು ಅವರು ತಿಳಿಸಿದರು. ಸ್ಕ್ಯಾನ್ ತೋರಿಸಿದಾಗ ಮೂರೂ ಚುಕ್ಕೆಗಳು ಎದುರಿನಿಂದ ಬರುವ ಲಾರಿಯ ದೀಪದ ಹಾಗೆ ಕಣ್ಣಿಗೆ ಹೊಡೆದವು. "ಸಿಕ್ಕಿಬಿದ್ರಲ್ಲ ಕಳ್ರು" ಎಂದೆ.

ಎರಡು ಗಂಟೆಗೆ ನನ್ನನ್ನು ಮೇಜಿನ ಮೇಲೆ ಮಲಗಿಸಿ, ತಲೆ ಅಲುಗದಂತೆ ಜಾಲರಿ ಮುಖವಾಡ ತೊಡಿಸಿ ಮೇಜಿಗೆ ಬಿಗಿದರು. ಆಗ ಆಡಳಿತಾಧಿಕಾರಿ ಬಂದು ಅದನ್ನು ಬಿಚ್ಚಿಸಿದರು. ಇನ್ನೊಂದು ಯಂತ್ರ ಕೆಟ್ಟಿದೆ, ಆಸ್ಪತ್ರೆಯ ಟ್ರಸ್ಟಿಯವರ ಮಾವನವರಿಗೆ ಮೊದಲು ಆಗಬೇಕು, ನೀವು ನಾಳೆ ಬನ್ನಿ ಎಂದರು.

"ನಾಳೆ ನಾನು ಬರ್ತೀನಿ ಸರ್, ಬೆಳಿಗ್ಗೆ ಹಾಕಿದ ಔಷಧಿ ಬರುತ್ತಾ?" ಎಂದು ಕೇಳಿದೆ. ಹೆಚ್ಚು ಮಾತಾಡಬೇಡಿ ಎಂದರು. ನಾನು ಮುಖವಾಡವನ್ನು ಅಪ್ಪಿಕೊಂಡು ಅಲ್ಲೇ ಕೂತೆ. ಅದು ನನ್ನ ಮುಖದ ಮೇಲೆಯೇ ಬಿಸಿಬಿಸಿಯಾಗಿ ಎಳೆದು ಮಾಡಿದ ಅಚ್ಚು. ನನ್ನ ಮೂಗು, ನನ್ನ ಗಲ್ಲ. ಬೇರೆ ಯಾರಿಗೂ ಕೂರುವುದಿಲ್ಲ. ಕಸಿದುಕೊಂಡೆ ಎನ್ನುವ ಸಲಕರಣೆ ಇದೇ.

ನನ್ನ ತಂಗಿ ಬಾಗಿಲಲ್ಲಿ ಅಳುತ್ತ, "ಇಳಿದುಬಿಡೇ ಅಕ್ಕಾ, ದೊಡ್ಡೋರ ಸಹವಾಸ ನಮಗ್ಯಾಕೆ" ಎಂದಳು.

"ಟಿಕೆಟ್ ತಗೊಂಡು ಕೂತೋರನ್ನ ಎಬ್ಬಿಸಿ ನಾನು ಯಾವತ್ತೂ ಇನ್ನೊಬ್ಬರನ್ನ ಕೂರಿಸಿಲ್ಲ ಕಣೇ. ಈಗ ನಾನ್ಯಾಕೆ ಏಳ್ಲಿ?" ಎಂದೆ.

ಗಾಲಿಕುರ್ಚಿಯಲ್ಲಿದ್ದ ಟ್ರಸ್ಟಿಯವರ ಮಾವ, "ನನಗೇನೂ ಅವಸರ ಇಲ್ಲಮ್ಮ. ನನ್ನನ್ನ ಯಾರು ಕೇಳಿದ್ರು?" ಎಂದರು. ಆ ಮಾತನ್ನೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಂತರ ಈ ಠಾಣೆಯ ಮಹಿಳಾ ಪೇದೆ ಬಂದರು. ಡಾಕ್ಟರಮ್ಮ ಅವರಿಗೆ ಸ್ಕ್ಯಾನ್ ತೋರಿಸಿ, ರೋಗಿಯನ್ನು ಇಳಿಸಲೇಬೇಕೆಂದರೆ ಆಡಳಿತಾಧಿಕಾರಿಯೇ ಕಾರಣ ಬರೆದು ಸಹಿ ಹಾಕಲಿ ಎಂದರು. ಆಡಳಿತಾಧಿಕಾರಿ ಪೆನ್ನು ತೆಗೆಯಲಿಲ್ಲ. ನಾನು ಮಲಗಿ, ಮುಖವಾಡವನ್ನು ನಾನೇ ಮುಖದ ಮೇಲೆ ಇಟ್ಟುಕೊಂಡೆ; ಸಿಬ್ಬಂದಿ ಅದನ್ನು ಮತ್ತೆ ಮೇಜಿಗೆ ಬಿಗಿದರು. ಒಳಗೆ ರೋಗಿಯ ಹೊರತು ಬೇರೆಯವರಿದ್ದರೆ ಯಂತ್ರ ಚಾಲೂ ಮಾಡುವಂತಿಲ್ಲ. ಎಲ್ಲರೂ ಹೊರಗೆ ಹೋದರು. ವಿಕಿರಣ ಆಯಿತು. ನನ್ನ ನಂತರ ಆ ಹಿರಿಯರಿಗೂ ಆಯಿತು.

ಕ್ಷಮಾಪಣೆ ಬರೆದುಕೊಟ್ಟರೆ ದೂರು ಹಿಂಪಡೆಯುವುದಾಗಿ ಆಡಳಿತಾಧಿಕಾರಿ ಹೇಳಿಕಳಿಸಿದ್ದಾರೆ. ನಾನು ಬರೆದುಕೊಡುವುದಿಲ್ಲ. ಮುಂದಿನ ಔಷಧಿ ಸೋಮವಾರ ಬೆಳಿಗ್ಗೆ, ವಿಕಿರಣ ಅದೇ ಮಧ್ಯಾಹ್ನ. ಅವತ್ತು ಮಾತ್ರ ವಿಚಾರಣೆಗೆ ಕರೆಯಬಾರದು, ಕರೆದರೂ ಬರುವುದಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ಹೇಳಿದ್ದೆಲ್ಲ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ದಿನವೇ, ಸಂಜೆ
ಸಹಿ/-

ಷರಾ: ಹೇಳಿಕೆದಾರರಿಗೆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹಾಜರಾಗಲು ಸೂಚಿಸಲಾಗಿದೆ.