ಎರಡು ಬಂಗಾರದ ಕೋಲುಗಳು

ದೊಡ್ಡ ಕೊಡೆಯ ನೆರಳಿನಲ್ಲಿ ಕೂತು ಈ ಸಭೆಯ ಅಧ್ಯಕ್ಷತೆ ವಹಿಸಿರುವ ಬೆಪೊಸೊ ಪೀಠದ ಒಡೆಯರಾದ ನಾನಾ ಅವರೇ, ಅವರನ್ನು ಆರಿಸಿ ಊರಿಗೆ ಕೊಟ್ಟ ರಾಣಿತಾಯಿಯವರೇ, ಅಕ್ರಾದಿಂದ ದಾರಿಯುದ್ದಕ್ಕೂ ಕೆಂಧೂಳು ಕುಡಿದುಕೊಂಡು ಬಂದಿರುವ ಮಂತ್ರಿಗಳೇ, ಪೀಠದ ಹಿರಿಯರೇ, ಮುಂದಿನ ಸಾಲಿನಲ್ಲಿ ಆಗಲೇ ತೂಕಡಿಸಲು ಶುರುಮಾಡಿರುವ ನನ್ನ ವಯಸ್ಸಿನ ಗೆಳೆಯರೇ, ಜಾಗ ಸಿಗದೆ ಬಿಸಿಲಲ್ಲಿ ನಿಂತಿರುವ ಸಭಿಕರೇ,

ನನ್ನ ಹೆಗಲಿಗೆ ನೀವು ಹೊದಿಸಿದ ಈ ಬಟ್ಟೆ ಬಹಳ ಚೆನ್ನಾಗಿದೆ, ಬಹಳ ಭಾರವಾಗಿಯೂ ಇದೆ. ಸನ್ಮಾನವೆಂದರೆ ಹೀಗೇ ಇರಬೇಕು, ಮುದುಕ ನಡುವೆ ಎದ್ದು ಓಡದ ಹಾಗೆ. ಆಮೇಲೆ "ಎರಡು ಮಾತಾಡಿ" ಎಂದಿರಿ. ತೊಡಕಾದದ್ದು ಅಲ್ಲೇ. ಮಹನೀಯರೇ, ಈ ಊರಿನಲ್ಲಿ ನನಗಿಂತ ಹೆಚ್ಚು ಮಾತಾಡಿದವರು ಯಾರಿದ್ದಾರೆ? ಯಾರೂ ಇಲ್ಲ. ಅದರಲ್ಲಿ ನನ್ನ ಸ್ವಂತದ ಮಾತು ಎಷ್ಟಿತ್ತು? ಒಂದೂ ಇಲ್ಲ. ನಾನು ಬಾಯಿ ತೆರೆದರೆ ಮೊದಲು ಬರುತ್ತಿದ್ದದ್ದು "ನಾನಾ ಹೇಳುತ್ತಾರೆ" ಎಂಬುದೇ. ಇವತ್ತು ಅದನ್ನು ಬಿಟ್ಟು ಶುರುಮಾಡಬೇಕಾಗಿದೆ. ಊರುಗೋಲಿಲ್ಲದೆ ಹೊಳೆ ದಾಟಿದ ಹಾಗಾಗುತ್ತಿದೆ.

ಮಂತ್ರಿಗಳ ಜೊತೆ ಬಂದಿರುವ ಪಟ್ಟಣದ ಯುವಕರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಊರಿನವರು ಕ್ಷಮಿಸಬೇಕು. ನಾವು ಗೌರವದಿಂದ 'ನಾನಾ' ಎಂದು ಕರೆಯುವ ಪೀಠದ ಒಡೆಯ ಸಭೆಯಲ್ಲಿ ತನ್ನ ಬಾಯಿಂದ ನೇರವಾಗಿ ಮಾತಾಡುವುದಿಲ್ಲ. ಅವನಿಗೆ ಯಾರೂ ನೇರವಾಗಿ ಹೇಳುವುದೂ ಇಲ್ಲ. ಹೋಗುವ ಮಾತು, ಬರುವ ಮಾತು ಎರಡೂ ನುಡಿಗಾರನ ಮೂಲಕವೇ. ಒಡೆಯ ಮೆಲ್ಲಗೆ ಉಸುರುತ್ತಾನೆ. ನುಡಿಗಾರ ಅದನ್ನು ತೊಳೆದು, ಒರೆಸಿ, ಗಾದೆ ಸೇರಿಸಿ ಸಭೆಗೆ ಬಡಿಸುತ್ತಾನೆ. ಮಾತು ಸರಿಬಂದರೆ ಅದು ಒಡೆಯನದು, ಎಡವಿದರೆ ನುಡಿಗಾರನದು. ನಮ್ಮ ಹಳೆಯ ಒಡೆಯರು, ನಾನಾ ದ್ವಾಮೆನ ಅವರು, ಇದನ್ನೇ ಚಿಕ್ಕದಾಗಿ ಹೇಳುತ್ತಿದ್ದರು: "ಸಾರು ನಂದು, ಉಪ್ಪು ಬ್ರೆಂಪಾನದು." ಆ ಕ್ವಾಸಿ ಬ್ರೆಂಪಾ ನಿಮ್ಮ ಮುಂದೆ ನಿಂತಿದ್ದಾನೆ.

ಈ ಕೋಲನ್ನು ನೋಡಿ. ಇವತ್ತು ಇದನ್ನು ಹೊಸ ನುಡಿಗಾರರ ಕೈಗೆ ಒಪ್ಪಿಸುತ್ತೇನೆ. ತುದಿಯಲ್ಲಿ ಬಂಗಾರದ ತಗಡು ಹೊದಿಸಿದ ಬಟ್ಟಲೊಂದು, ಅದರ ಆಚೆ ಈಚೆ ಇಬ್ಬರು. ಒಬ್ಬ ಉಣ್ಣುತ್ತಾನೆ, ಇನ್ನೊಬ್ಬ ನೋಡುತ್ತಾನೆ. ಊಟ ಹಸಿದವನದಲ್ಲ, ಒಡೆಯನದು ಎಂದು ಅದರ ಅರ್ಥ. ನಾನು ಇದನ್ನು ಹಿಡಿದೇ ಮುದುಕನಾದೆ. ನೋಡುತ್ತಿರುವವನ ಮೂಗು ನನ್ನ ಹೆಬ್ಬೆರಳಿಗೆ ಸವೆದುಹೋಗಿದೆ, ಹೊಸಬರು ಮನ್ನಿಸಬೇಕು.

ದೊಡ್ಡ ಯುದ್ಧ ಮುಗಿಯಿತು. ಬಿಳಿಯರ ಸರ್ಕಾರ ಹೊಸ ಶಾಸನ ಸಭೆ ಮಾಡಿತು. ನಮ್ಮ ಪ್ರಾಂತ್ಯದ ಒಡೆಯರೆಲ್ಲ ಸೇರಿ ನಾನಾ ದ್ವಾಮೆನ ಅವರನ್ನು ಸದಸ್ಯರಾಗಿ ಆರಿಸಿದರು. ಊರಿಗೆ ಊರೇ ತಾಳೆ ಹೆಂಡ ಕುಡಿದು ಕುಣಿಯಿತು. ಕೋಲಿಗೆ ಹೊಸದಾಗಿ ಹೊಳಪು ಕೊಡಿಸಿಕೊಂಡು ನಾನೂ ಜೊತೆಗೆ ರಾಜಧಾನಿ ಅಕ್ರಾಕ್ಕೆ ಹೊರಟೆ. ಅಲ್ಲಿ ಬಾಗಿಲಲ್ಲೇ ಸಭೆಯ ಕಾರ್ಯದರ್ಶಿ, ಬಹಳ ಮರ್ಯಾದಸ್ಥ ಇಂಗ್ಲಿಷಿನವನು, ನನ್ನನ್ನು ತಡೆದ. "ಇಲ್ಲಿ ಪ್ರತಿಯೊಬ್ಬ ಸದಸ್ಯರೂ ತಮ್ಮ ಬಾಯಿಂದಲೇ ಮಾತಾಡಬೇಕು. ನೀವು ಮೇಲೆ, ಪ್ರೇಕ್ಷಕರ ಸಾಲಿನಲ್ಲಿ ಕೂತುಕೊಳ್ಳಿ" ಎಂದ. ನಾನಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಹೋಗಯ್ಯ, ಮೇಲೆ ಗಾಳಿ ಚೆನ್ನಾಗಿರುತ್ತೆ" ಎಂದರು.

ಹೀಗಾಗಿ ಒಂದು ಅಧಿವೇಶನ ಪೂರ್ತಿ ನಮ್ಮ ಒಡೆಯರು ತುಟಿ ಬಿಚ್ಚಲಿಲ್ಲ. ಪತ್ರಿಕೆಯವರು ಅವರಿಗೆ 'ಮೌನಿ ಸದಸ್ಯ' ಎಂದು ಹೆಸರಿಟ್ಟರು. ನಾನು ಮೇಲೆ ಕೂತು ಗಾಳಿ ತಿಂದೆ.

ಬೇರೆ ಕೆಲಸವಿಲ್ಲದವನು ಏನು ಮಾಡುತ್ತಾನೆ? ನೋಡುತ್ತಾನೆ. ನಾನೂ ನೋಡಿದೆ. ದಿನವೂ ಒಬ್ಬ ಬಂಗಾರದ ಕೋಲೊಂದನ್ನು ಹೊತ್ತುಕೊಂಡು ಮೊದಲು ಬರುತ್ತಿದ್ದ. ಹಿಂದೆ ಕುರಿಯುಣ್ಣೆಯಂಥ ಸುಳ್ಳು ಕೂದಲು ತೊಟ್ಟ ಸಭಾಧ್ಯಕ್ಷರು. ಕೋಲು ಮೇಜಿನ ಮೇಲೆ ಮಲಗಿದ ಮೇಲೆಯೇ ಸಭೆ. ಇನ್ನೊಂದು ವಿಚಿತ್ರ. ಅಲ್ಲಿ ಯಾರೂ ಯಾರನ್ನೂ ನೇರವಾಗಿ ಮಾತಾಡಿಸುವುದಿಲ್ಲ! ಎದುರಿಗೆ ಕೂತವನನ್ನು ಬೈಯಬೇಕಾದರೂ "ಅಧ್ಯಕ್ಷರೇ, ಆ ಮಾನ್ಯ ಸದಸ್ಯರಿಗೆ ಬುದ್ಧಿ ಕಡಿಮೆ" ಎಂದು ಅಧ್ಯಕ್ಷರಿಗೇ ಹೇಳಬೇಕು. ಆಗ ನನಗೆ ನಗು ಬಂದಿತ್ತು, ಅಷ್ಟೇ. ಅದರ ಬೆಲೆ ತಿಳಿದದ್ದು ಆಮೇಲೆ.

ಆಮೇಲೆ ಕೋಕೋ ಮಸೂದೆ ಬಂತು. ಮರಗಳಿಗೆ ರೋಗ ಹತ್ತಿತ್ತು, ಅದು ನಿಜ. ರೋಗ ಹತ್ತಿದ ಮರವನ್ನು ಕಡಿಯದಿದ್ದರೆ ಪಕ್ಕದ್ದೂ ಹೋಗುತ್ತದೆ, ಅದೂ ನಿಜ. ಆದರೆ ಆ ಮಸೂದೆಯ ಪ್ರಕಾರ ಸರ್ಕಾರದ ಆಳುಗಳು ಯಾರ ತೋಟಕ್ಕಾದರೂ ನುಗ್ಗಿ, ಯಾರನ್ನೂ ಕೇಳದೆ ಕಡಿಯಬಹುದಿತ್ತು. ಇಲ್ಲಿರುವ ಎಷ್ಟೋ ಜನರ ತಂದೆಯರು ಆಗ ಕತ್ತಿ ಹಿರಿದುಕೊಂಡು ತೋಟದಲ್ಲೇ ಮಲಗಿದ್ದರು. ಮೊದಲ ಕೊಡಲಿ ಮರಕ್ಕೆ ಬಿದ್ದರೆ ಎರಡನೆಯದು ಮನುಷ್ಯನಿಗೆ ಬೀಳುತ್ತದೆ ಎನ್ನುವ ಹಾಗಿತ್ತು ಊರು.

ಮಸೂದೆ ಚರ್ಚೆಗೆ ಬಂದ ದಿನ ನಾನಾ ಎದ್ದು ನಿಂತರು. ಮೇಲೆ ಕೂತಿದ್ದ ನಾನು ಮುಂದಕ್ಕೆ ಬಗ್ಗಿದೆ. ಅವರು ಅಭ್ಯಾಸದಂತೆ ಮೆಲ್ಲಗೆ, ತಮ್ಮ ಎದೆಗೇ ಹೇಳಿಕೊಂಡ ಹಾಗೆ, ಒಂದು ವಾಕ್ಯ ಹೇಳಿದರು. ನಾನೇನು ಮಾಡಿದೆ ಗೊತ್ತೇ? ಎಷ್ಟೋ ವರ್ಷದ ಅಭ್ಯಾಸ ನೋಡಿ, ಕಾಲು ತಾನಾಗಿ ಎದ್ದಿತು, ಕೋಲು ತಾನಾಗಿ ಮೇಲಾಯಿತು, ಬಾಯಿ ತಾನಾಗಿ ತೆರೆಯಿತು: "ನಾನಾ ಹೇಳುತ್ತಾರೆ! ಕಾಡಿನ ಆನೆಯೂ ಹೊಳೆ ದಾಟುವಾಗ..." ಆನೆ ಹೊಳೆ ದಾಟಲಿಲ್ಲ. ಇಬ್ಬರು ಪೇದೆಗಳು ನನ್ನ ತೋಳು ಹಿಡಿದು ಹೊರಗೆ ನಡೆಸಿದರು. ನಗಿ, ನಗಿ, ಆ ಸಭೆಯೂ ನಕ್ಕಿತ್ತು.

ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಕಿಟಕಿ ತೆರೆದಿತ್ತು. ಒಳಗೆ ನಗು ನಿಂತಿತು. ನಾನಾ ಇನ್ನು ಕೂತುಬಿಡುತ್ತಾರೆ ಎಂದುಕೊಂಡೆ. ನುಡಿಗಾರನೇ ಇಲ್ಲದ ಮೇಲೆ ಇನ್ನೇನು? ಅಷ್ಟರಲ್ಲಿ ಒಂದು ದನಿ ಕೇಳಿಸಿತು, ದೊಡ್ಡದಾಗಿ, ಒರಟಾಗಿ. ಯಾರದಪ್ಪ ಇದು ಎಂದುಕೊಂಡೆ. ಅಷ್ಟು ವರ್ಷ ಜೊತೆಗಿದ್ದರೂ ಆ ದನಿಯನ್ನು ಅಷ್ಟು ಎತ್ತರದಲ್ಲಿ ನಾನು ಕೇಳಿರಲೇ ಇಲ್ಲ. "ಅಧ್ಯಕ್ಷರೇ, ನಮ್ಮಲ್ಲಿ ಹೆಣವನ್ನು ಕೂಡ ಮನೆಯವರನ್ನು ಕರೆಯದೆ ಹೂಳುವುದಿಲ್ಲ. ಮರಕ್ಕೆ ರೋಗ ಬಂದಿದ್ದರೆ ಕಡಿಯಿರಿ. ಆದರೆ ನೆಟ್ಟವನನ್ನು ಕರೆದು, ತೋರಿಸಿ, ಆಮೇಲೆ ಕಡಿಯಿರಿ."

ಮುಗಿಯಿತು. ಗಾದೆಯಿಲ್ಲ, ಆನೆಯಿಲ್ಲ. ಕೃಷಿ ಇಲಾಖೆಯ ಸಾಹೇಬ ಪಕ್ಕದವರ ಜೊತೆ ಗುಸುಗುಸು ಮಾಡಿ, ಎದ್ದು, ಈ ತಿದ್ದುಪಡಿಗೆ ನಮ್ಮ ಒಪ್ಪಿಗೆಯಿದೆ ಎಂದ. ಕಾಯ್ದೆಯಲ್ಲಿ ಆ ಸಾಲು ಸೇರಿತು. ನಿಮ್ಮ ತಂದೆಯರು ಕತ್ತಿಯನ್ನು ಒರೆಗೆ ಹಾಕಿ ಮನೆಗೆ ಹೋದರು. ನನಗೆ ಬಹಳ ಸಂತೋಷವಾಯಿತು. ನಾನಾಗಿದ್ದರೆ ಅದಕ್ಕೆ ಎಷ್ಟು ಗಾದೆ ಹಾಕುತ್ತಿದ್ದೆನೋ, ಸಾಹೇಬರು ನಡುವೆಯೇ ಊಟಕ್ಕೆ ಎದ್ದುಬಿಡುತ್ತಿದ್ದರು. ನಿಜವಾಗಿಯೂ ಬಹಳ ಸಂತೋಷವಾಯಿತು. ಮನೆಗೆ ಬಂದಾಗ ನನ್ನ ಹೆಂಡತಿ ಎಫುವಾ, "ಅಷ್ಟೊಂದು ಸಂತೋಷ ಆಗಿದ್ರೆ ಫುಫು ಮುದ್ದೆ ಯಾಕೆ ಮುಟ್ಟಿಲ್ಲ?" ಎಂದಳು. ಪ್ರಯಾಣದ ಆಯಾಸ ಎಂದೆ. ಹೆಂಗಸರಿಗೆ ಎಲ್ಲಾ ಬೇಕು. ಅದಿರಲಿ.

ಊರು ಕುಣಿಯಬೇಕಾಗಿತ್ತು. ಬದಲಿಗೆ ಅರಮನೆಯ ಅಂಗಳದಲ್ಲಿ ಹಿರಿಯರು ಸೇರಿದರು. ಹಿರಿಯ ತವಿಯಾ, ಈಗಿಲ್ಲ, ಬಹಳ ಕಟ್ಟುನಿಟ್ಟಿನ ಮನುಷ್ಯ, ಎದ್ದು ನಿಂತರು. "ಮರ ಉಳೀತು, ಸರಿ. ಪೀಠ ಉಳೀತಾ? ನಮ್ಮ ಒಡೆಯ ಪರದೇಶಿಗಳ ಮುಂದೆ ಬಾಯಿ ಬಿಟ್ಟು, ಸಂತೇಲಿ ಮೀನು ಮಾರೋರ ಹಾಗೆ ಕೂಗಿದಾನೆ. ಪಕ್ಕದಲ್ಲಿ ನುಡಿಗಾರ ಇಲ್ಲ. ಪೂರ್ವಿಕರ ಪೀಠ ಬತ್ತಲೆ ಆಯ್ತು. ಚಪ್ಪಲಿ ಕಳಚಿಸ್ರಯ್ಯ!"

ಪಟ್ಟಣದ ಯುವಕರೇ, ಒಡೆಯನ ಚಪ್ಪಲಿ ಕಳಚಿಸಿ ಬರಿಗಾಲು ನೆಲಕ್ಕೆ ತಾಗಿಸಿದರೆ ಅವನ ಒಡೆತನ ಅಲ್ಲಿಗೆ ಮುಗಿಯಿತು. ಇಬ್ಬರು ಆಗಲೇ ಮುಂದೆ ಬಂದಿದ್ದರು. ರಾಣಿತಾಯಿ, ಈಗಿನವರ ತಾಯಿ, ಕೈಯೆತ್ತಿ ತಡೆದರು. "ಕೇಳದೆ ಮರ ಕಡೀಬಾರದು ಅಂದೋರು ನೀವೇ ಅಲ್ವಾ? ಮೊದಲು ಅವನ ಮಾತು ಕೇಳಿ" ಎಂದರು.

ಅವನ ಮಾತು! ಸಭಿಕರೇ, ನನ್ನ ಪಾಡು ಯೋಚಿಸಿ. ಆ ಅಂಗಳದಲ್ಲಿ ನಾನಾ ನನ್ನ ಮೂಲಕವೇ ಮಾತಾಡಬೇಕು. ಬಗ್ಗಿ ಕಿವಿ ಕೊಟ್ಟೆ. ಅವರು ಉಸುರಿದ್ದು ಇಷ್ಟೇ: "ಬ್ರೆಂಪಾ, ಸಾರು ಖಾಲಿಯಾಗಿದೆ ಕಣೋ. ನಿನಗೆ ಏನು ತೋಚುತ್ತೋ ಹೇಳು." ಅವರ ಪಾದ ನಡುಗುತ್ತಿತ್ತು, ನಾನೊಬ್ಬನೇ ನೋಡಿದೆ. ಒಂದು ಗಾದೆಯಾದರೂ ಬರಬಾರದೇ? ಬರಲಿಲ್ಲ. ಮೇಲೆ ಕೂತು ಗಾಳಿ ತಿಂದ ದಿನಗಳು ಮಾತ್ರ ಕಣ್ಣಮುಂದೆ ಬಂದವು.

"ನಾನಾ ಹೇಳುತ್ತಾರೆ," ಎಂದೆ, "ಹಿರಿಯರೇ, ಅಲ್ಲಿ ನುಡಿಗಾರ ಇಲ್ಲ ಅಂದೋರು ಯಾರು? ಅಲ್ಲೂ ಬಂಗಾರದ ಕೋಲಿದೆ. ಕೋಲು ಬರದೆ ಸಭೆ ಇಲ್ಲ. ಕೋಲಿನ ಹಿಂದೆ ಕುರಿಯುಣ್ಣೆ ತಲೆಗೆ ಹಾಕ್ಕೊಂಡು ಒಬ್ಬ ಕೂತಿರ್ತಾನೆ. ಸಾಹೇಬರು ಸಾಹೇಬರಿಗೆ ಬೈಯೋದಾದ್ರೂ ಅವನಿಗೇ ಹೇಳಿ ಬೈಯಬೇಕು. ಅವನೇ ಆ ಮನೆಯ ನುಡಿಗಾರ. ಪರರ ಮನೆಗೆ ಹೋದಾಗ ಅವರ ಬಟ್ಟಲಲ್ಲಿ ಉಣ್ಣೋದಿಲ್ವೇನು? ನಮ್ಮ ಒಡೆಯ ಯಾವ ಪರದೇಶಿಗೂ ಬಾಯಿ ಬಿಟ್ಟಿಲ್ಲ. 'ಅಧ್ಯಕ್ಷರೇ' ಅಂತ ಅವರ ನುಡಿಗಾರನಿಗೆ ಹೇಳಿದ. ಕೋಲು ಅಲ್ಲೇ ಇತ್ತು. ಪೀಠ ಬತ್ತಲೆ ಆಗಿಲ್ಲ."

ತವಿಯಾ ತಲೆ ಕೆರೆದುಕೊಂಡರು. "ಅವನೂ ನುಡಿಗಾರನೇ ಆದ್ರೆ," ಎಂದರು, "ನೀನು ಅಲ್ಲಿ ಯಾಕಯ್ಯಾ?"

"ನಾನು ಗಾಳಿ ತಿನ್ನೋಕೆ" ಎಂದೆ. ಎಲ್ಲರೂ ನಕ್ಕರು, ತವಿಯಾ ಕೂಡ. ಚಪ್ಪಲಿ ನಾನಾ ಅವರ ಕಾಲಲ್ಲೇ ಉಳಿಯಿತು. ತವಿಯಾ ತಾವೇ ಹೆಂಡ ನೆಲಕ್ಕೆರೆದು ಪೂರ್ವಿಕರಿಗೆ ಸುದ್ದಿ ತಿಳಿಸಿದರು.

ಅಲ್ಲಿಂದ ಮುಂದೆ ನಾನಾ ಆ ಸಭೆಯಲ್ಲಿ ಬೇಕಾದಷ್ಟು ಮಾತಾಡಿದರು. ರಸ್ತೆಗೆ, ಆಸ್ಪತ್ರೆಗೆ, ನಾವೀಗ ಅಂಗಳದಲ್ಲಿ ಸೇರಿರುವ ಈ ಶಾಲೆಗೆ. ನನ್ನನ್ನು ಕರೆದುಕೊಂಡು ಹೋಗುವ ಅಗತ್ಯ ಬೀಳಲಿಲ್ಲ. ಬೀಳಬೇಕೇಕೆ? ಅಲ್ಲೊಬ್ಬ ನುಡಿಗಾರನಿದ್ದಾನೆ ಎಂದು ಊರಿನೆದುರು ಸಾಧಿಸಿದವನು ನಾನೇ ಅಲ್ಲವೇ? ಅವರ ಮೋಟಾರು ಅಕ್ರಾಕ್ಕೆ ಹೊರಡುವ ದಿನ ನಾನು ಕೋಲಿಗೆ ಹೊಳಪು ಕೊಡುತ್ತಾ ಜಗಲಿಯಲ್ಲಿ ಕೂತಿರುತ್ತಿದ್ದೆ. ಹೊಳಪು ಕೊಡುವುದೂ ಒಂದು ಕೆಲಸವೇ. ಎಫುವಾ ಒಳಗಿನಿಂದ, "ಅದು ಸವೆದು ಹೋಗುತ್ತೆ, ಬಿಡಿ ಇನ್ನು" ಎನ್ನುತ್ತಿದ್ದಳು. ಇಲ್ಲ, ನನಗೆ ಬೇಸರವೇನೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ... ಯಾಕೆಂದು ಮರೆತೆ. ವಯಸ್ಸು.

ನಾನಾ ಹಾಸಿಗೆ ಹಿಡಿದಾಗ ದನಿ ಮತ್ತೆ ಸಣ್ಣದಾಯಿತು. ಮನೆಯವರಿಗೆ ಅರ್ಥವಾಗದೆ ನನ್ನನ್ನು ಕರೆಸಿದರು. ಹಳೆಯ ಹಾಗೆ ಬಗ್ಗಿ ಕಿವಿ ಕೊಟ್ಟೆ. "ನೀರು" ಎಂದರು. ನಾನು ತಿರುಗಿ, "ನಾನಾ ಹೇಳುತ್ತಾರೆ, ಹೊಳೆಯ ಒಡೆಯನಿಗೆ ಹೊಳೆಯ ನೆನಪಾಗಿದೆ" ಎಂದೆ. ಅವರಿಗೆ ನಗು ಬಂತು, ಕೆಮ್ಮೂ ಬಂತು. ನೀರು ಕುಡಿದು ನನ್ನ ಕೈ ಹಿಡಿದುಕೊಂಡರು.

"ಬ್ರೆಂಪಾ, ಅವತ್ತು ನಿನ್ನ ಹೊರಗೆ ಹಾಕಿದ್ರಲ್ಲ, ನಾನು ಮಾತಾಡಿದ್ದು ಕೇಳಿಸ್ತಾ?"

"ಕೇಳಿಸ್ತು ನಾನಾ. ಕಿಟಕಿ ತೆಗೆದಿತ್ತು."

"ಹೇಗಿತ್ತೋ?"

ಅಷ್ಟು ವರ್ಷದಲ್ಲಿ ಅವರು ಅದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. "ಚೆನ್ನಾಗಿತ್ತು ನಾನಾ," ಎಂದೆ. "ಸ್ವಲ್ಪ ಉಪ್ಪು ಕಡಿಮೆ."

"ಕಡಿಮೆ ಇರದೆ ಏನೋ?" ಎಂದರು. "ಉಪ್ಪು ಹೊರಗೆ ಮರದ ಕೆಳಗೆ ನಿಂತಿತ್ತಲ್ಲ!"

ಮಾರನೆಯ ದಿನ ಮಹಾವೃಕ್ಷ ಉರುಳಿತು. ಒಡೆಯನ ಕೊನೆಯ ಮಾತನ್ನು ಹೊರಗೆ ಬಂದು ಸಾರುವುದು ನುಡಿಗಾರನ ಧರ್ಮ. ಜನ ಅಂಗಳದ ತುಂಬ ಕಾದಿದ್ದರು. ನೀರು ಕೇಳಿದ್ದನ್ನು ಮಾತ್ರ ಸಾರಿದೆ, ಹೊಳೆಯ ಮಾತು ಸೇರಿಸಿ. ಉಳಿದದ್ದನ್ನು ಸಾರಲಿಲ್ಲ. ಈ ಕೋಲಿನ ಮೇಲೆ ನೋಡುತ್ತಾ ಕೂತವನಿದ್ದಾನಲ್ಲ, ಆ ಒಂದು ತುತ್ತು ಅವನಿಗೆಂದೇ ಬಡಿಸಿದ್ದು. ಅದನ್ನು ಯಾರಿಗೂ ದಾಟಿಸಬೇಕಾಗಿರಲಿಲ್ಲ. ಇವತ್ತು ಯಾಕೆ ಹೇಳಿಬಿಟ್ಟೆನೋ ತಿಳಿಯದು. ಬಟ್ಟೆ ಭಾರವಾಗಿದೆ ಎಂದೆನಲ್ಲ, ಅದಕ್ಕೇ ಇರಬೇಕು.

ಹೊಸ ನುಡಿಗಾರರೇ, ಬನ್ನಿ, ಕೋಲು ತೆಗೆದುಕೊಳ್ಳಿ. ಈಗಿನ ನಾನಾ ಧ್ವನಿವರ್ಧಕದಲ್ಲಿ ತಾವೇ ಮಾತಾಡುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಆದರೂ ಹತ್ತಿರವೇ ಇರಿ. ಒಡೆಯನ ಪಾದ ನಡುಗುವುದು ಪಕ್ಕದಲ್ಲಿದ್ದವನಿಗೆ ಮಾತ್ರ ಕಾಣುತ್ತದೆ. ಬಟ್ಟೆ ಹೊದಿಸಿದ ಕೈಗಳಿಗೆ, ಬಿಸಿಲಲ್ಲಿ ನಿಂತು ಕೇಳಿದ ಕಿವಿಗಳಿಗೆ, ಕೊನೆಗೂ ಎಚ್ಚರವಾಗಿರುವ ಮುಂದಿನ ಸಾಲಿನ ಗೆಳೆಯರಿಗೆ ನಾನು ಋಣಿ. ನಾನಾ ಹೇಳುತ್ತಾರೆ... ಅಲ್ಲ, ಕ್ಷಮಿಸಿ. ನಾನು, ಕ್ವಾಸಿ ಬ್ರೆಂಪಾ, ಹೇಳುತ್ತೇನೆ: ನಿಮ್ಮೆಲ್ಲರಿಗೂ ನಮಸ್ಕಾರ.