ರಟ್ಟಿನ ಮೇಲೆ ಕಲಿತ ಟೈಪಿಂಗ್

ಅಲ್ಲ ಮಗಾ, ನೋಡದೆ "ಲಾಯ್ಕ ಉಂಟು" ಅಂದೆ ಅಂತ ನೀನು ಮುಖ ಊದಿಸಿಕೊಂಡು ಗೆಜ್ಜೆ ಬಿಚ್ಚಿ ಕೂತದ್ದು ಸರಿಯೇ, ತಪ್ಪು ನನ್ನದೇ, ಹಲಸಿನ ಬೀಜದ ಸಿಪ್ಪೆ ತೆಗೀತಾ ನಾನು ತಲೆ ಎತ್ತಲೇ ಇಲ್ಲ. ಶನಿವಾರ ನಿಂಗೆ ಯಕ್ಷಗಾನ ಸ್ಪರ್ಧೆ, ನೀನು ಅಂಗಳದಲ್ಲಿ ಗಿರಗಿರ ಹಾರಿ ಧೀಂಗಿಣ ಹಾಕಿ ಹಾಕಿ "ಅಜ್ಜಿ, ಸರಿ ಉಂಟಾ? ಸರಿ ಉಂಟಾ?" ಅಂತ ಕೇಳುವುದು, ನಾನು ಬೀಜ ನೋಡಿಕೊಂಡು "ಲಾಯ್ಕ ಉಂಟು" ಅನ್ನುವುದು. ಹೊಗಳಿದ್ರೆ ಮಕ್ಕಳು ಮೇಲೆ ಬರ್ತಾರೆ ಅಂತ ನಿನ್ನ ಅಪ್ಪ ಹೇಳ್ತಾನೆ. ಬರ್ತಾರಾ? ನಂಗೆ ಗೊತ್ತಿಲ್ಲ. ನನ್ನನ್ನೂ ಒಬ್ಬರು ಹೊಗಳಿದ್ರು ಮಾರಾಯ್ತಿ, ಮೂರು ತಿಂಗಳು. ಅದರಿಂದ ನಾನು ಉದ್ಧಾರ ಆದೆನೋ ಹಾಳಾದೆನೋ, ಎಪ್ಪತ್ತು ದಾಟಿದ್ರೂ ತಲೆಗೆ ಹೋಗುವುದಿಲ್ಲ. ಕೂತ್ಕೋ, ಹೇಳ್ತೇನೆ.

ಆಗ ನಮ್ಮದು ಬಂಟ್ವಾಳ, ಪೇಟೆಯಿಂದ ಸ್ವಲ್ಪ ಮೇಲೆ ಮನೆ. ಅಮ್ಮ ಬೀಡಿ ಕಟ್ಟುವುದು, ನಾನೂ ಬೀಡಿ ಕಟ್ಟುವುದು. ಹತ್ತನೇ ಕ್ಲಾಸು ಮುಗಿಸಿ ಎರಡು ವರ್ಷ ಅದೇ, ಎಲೆ ಕತ್ತರಿಸು, ಹೊಗೆಸೊಪ್ಪು ತುಂಬು, ನೂಲು ಸುತ್ತು, ಪುನಃ ಎಲೆ ಕತ್ತರಿಸು. ಪೇಟೆಯಲ್ಲಿ ಟೈಪಿಂಗ್ ಕ್ಲಾಸು ನಡೆಸ್ತಿದ್ದ ಮಾಷ್ಟ್ರು ಒಂದು ದಿನ ನಮ್ಮ ಜಗಲಿಗೆ ಬಂದ್ರು, ಎಂತಕ್ಕೆ ಬಂದದ್ದು, ಹಾಂ, ಬಾಯಾರಿಕೆ ಅಂತ ನೀರು ಕೇಳ್ಲಿಕ್ಕೆ, ಅಲ್ಲ, ನೀರು ಕೇಳಿದ್ದು, ಅಮ್ಮ ಕೊಟ್ಟದ್ದು ಮಜ್ಜಿಗೆ. ಲೋಟ ಹಿಡಿದುಕೊಂಡೇ ನನ್ನ ಕೈ ನೋಡಿದ್ರು. "ಈ ಹುಡುಗಿಯ ಬೆರಳು ಓಡುವುದು ನೋಡಿ! ಕ್ಲಾಸಿಗೆ ಕಳಿಸಿ, ಫೀಸು ಬೇಡ. ಸಹಕಾರಿ ಸೊಸೈಟಿಯಲ್ಲಿ ಟೈಪಿಸ್ಟ್ ಕೆಲಸ ಖಾಲಿ ಆಗ್ಲಿಕ್ಕುಂಟು." ಅಮ್ಮ ಅಂದ್ರು, "ಒಂದು ಪರೀಕ್ಷೆ ತನಕ ಕಳಿಸ್ತೇನೆ ಮಾಷ್ಟ್ರೇ. ಫೇಲಾದ್ರೆ ಪುನಃ ಬೀಡಿಯೇ." ನಂಗೆ ಆ ಬೀಡಿ ಸೊಪ್ಪಿನ ಗಾಟಿನಿಂದ ಒಮ್ಮೆ ಎದ್ದು ಹೋದ್ರೆ ಸಾಕಿತ್ತು.

ಸೇರಿ ಹದಿನೈದು ದಿನ ಆಗಿರ್ಬೇಕು, ನಡುಸಾಲಿನ ಅಕ್ಷರ ಮಾತ್ರ ಕಲಿತದ್ದು, ನೇತ್ರಾವತಿ ಹೊಳೆ ಉಕ್ಕಿ ಪೇಟೆಯೊಳಗೆ ಬಂದಳು. ಎಂಥ ಅವಸ್ಥೆ ಮಾರಾಯ್ತಿ! ನೀರು ಇಳಿದ ಮೇಲೆ ನೋಡಿದ್ರೆ ಮೆಷಿನುಗಳ ಹೊಟ್ಟೆ ತುಂಬ ಕೆಸರು. ಮಾಷ್ಟ್ರು ಸೀಮೆಎಣ್ಣೆ ಹಾಕಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ಒಂದನ್ನು ಓಡಿಸಿದ್ರು. ಹದಿನೆಂಟು ಜನಕ್ಕೆ ಒಂದು ಮೆಷಿನ್! "ಎಲ್ಲರೂ ಗೋಡೆಯ ಚಾರ್ಟು ನೋಡಿ ರಟ್ಟಿನ ಮೇಲೆ ಅಕ್ಷರ ಬರ್ಕೊಳ್ಳಿ. ಮೊದಲು ಬೆರಳಿಗೆ ಕಲಿಸುವ, ಮೆಷಿನ್ ಆಮೇಲೆ" ಅಂದ್ರು. ನಾನು ಬಿಸ್ಕೆಟ್ ಬಾಕ್ಸಿನ ರಟ್ಟಿನಲ್ಲಿ ಬರೆದೆ. ದಿನಾ ಹೋಗುವುದು, ರಟ್ಟು ಕುಟ್ಟುವುದು. ಮಾಷ್ಟ್ರು ಮೇಜಿಗೆ ಸ್ಕೇಲು ಬಡಿದು ತಾಳ ಹಾಕ್ತಾ ಕಣ್ಣು ಮುಚ್ಚಿ ತಿರುಗುವುದು. "ಭೇಷ್ ಗಿರಿಜಾ! ಬೀಡಿ ಕಟ್ಟಿದ ಕೈ ಅಲ್ವಾ! ಭೇಷ್!" ಕೆಲವರು ಬೇಸತ್ತು ಬಿಟ್ಟೇ ಬಿಟ್ರು. ನಾನು ಬಿಡ್ಲಿಲ್ಲ. ಆ ಒಂದು ಭೇಷ್ ಕೇಳ್ಲಿಕ್ಕೆ ಕೆಸರು ತುಳ್ಕೊಂಡು ಹೋಗ್ತಿದ್ದೆ, ಸುಳ್ಳಲ್ಲ.

ಹಳಬರದ್ದೆಲ್ಲ ಮುಗಿದು, ಪರೀಕ್ಷೆಗೆ ಹತ್ತು ದಿನ ಉಂಟು ಅನ್ನುವಾಗ ಮೆಷಿನಿನಲ್ಲಿ ಮೊದಲ ಸಲ ನನ್ನ ಸರದಿ ಬಂತು. ಟಕಟಕ ಅಂತ ಒಂದು ಪುಟ ಹೊಡೆದೆ. ತೆಗೆದು ನೋಡಿದ್ರೆ, ಟಿ ಬರಬೇಕಾದಲ್ಲೆಲ್ಲ ಆರ್, ಆರ್ ಬರಬೇಕಾದಲ್ಲೆಲ್ಲ ಟಿ. ಮೆಷಿನ್ ಹಾಳು ಅಂತ ಗ್ರಹಿಸಿದೆ. ಹಾಳಾದದ್ದು ಮೆಷಿನ್ ಅಲ್ಲ, ರಟ್ಟಿನಲ್ಲಿ ನಾನೇ ಆ ಎರಡು ಅಕ್ಷರ ಅದಲು ಬದಲು ಬರೆದದ್ದು. ರಟ್ಟಿನ ಮೇಲೆ ಎಷ್ಟು ಕುಟ್ಟಿದ್ರೂ ತಪ್ಪು ಕಾಣುವುದಿಲ್ಲ ಅಲ್ವಾ? ಹುಡುಗಿಯರೆಲ್ಲ ಕಿಸಿಕಿಸಿ. ಮಾಷ್ಟ್ರು ರಟ್ಟನ್ನು ಕೈಯಲ್ಲಿ ಹಿಡ್ಕೊಂಡು ಬೆಂಚಿನ ಮೇಲೆ ಕೂತುಬಿಟ್ರು. "ಹಾಗಾದ್ರೆ ಮೂರು ತಿಂಗಳು ನಾನು ಎಂತ ನೋಡಿದ್ದು?" ನಾನು ಅಳ್ತಾ ಅಂದೆ, "ನೀವು ವೇಗ ನೋಡಿದ್ರಿ ಸಾರ್."

ತಿದ್ದಿಕೊಳ್ಳುವ ಅಂತ ಎರಡು ದಿನ ಕೂತೆ. ಇನ್ನೂ ಗೋಜಲು. ಸರಿಯಾದ್ದೂ ಹೋಯ್ತು, ತಪ್ಪಾದ್ದೂ ಹೋಯ್ತು, ಬೆರಳು ಎತ್ತಿದ್ರೆ ಎಲ್ಲಿ ಇಡ್ಬೇಕು ಅಂತ ಗೊತ್ತಿಲ್ಲ. ಅಷ್ಟರಲ್ಲಿ ಮಾಷ್ಟ್ರು ಇನ್ನೆರಡು ಮೆಷಿನ್ ಸರಿ ಮಾಡಿದ್ರು. ಅವರು ಎಂತ ಮಾಡಿದ್ರು ಗೊತ್ತುಂಟಾ? ಅದರಲ್ಲಿ ಒಂದರ ಆರ್ ಮತ್ತು ಟಿ ಅಚ್ಚು ಕಿತ್ತು ಅದಲು ಬದಲು ಬೆಸುಗೆ ಹಾಕಿದ್ರು, ನನ್ನ ತಪ್ಪಿಗೆ ಸಮಾ ಆಗುವ ಹಾಗೆ! ಇನ್ನು ತಿದ್ದುವುದು ಬೇಡ, ರಟ್ಟಿನ ಮೇಲೆ ಕುಟ್ಟಿದ ಹಾಗೆಯೇ ಕುಟ್ಟು ಅಂದ್ರು, ಬೆರಳು ಪುನಃ ಹಳೇ ದಾರಿ ಹಿಡೀತು. ಆಗ ಪರೀಕ್ಷೆಗೆ ಮೆಷಿನ್ ನಾವೇ ಕೊಂಡೋಗುವುದು. ಮೂಡುಬಿದಿರೆಗೆ ಬಸ್ಸಿನಲ್ಲಿ ತೊಡೆ ಮೇಲೆ ಅದನ್ನು ಇಟ್ಕೊಂಡು ನಾನು ಕೇಳಿದೆ, "ಸಾರ್, ಇದು ಮೋಸ ಆಗ್ಲಿಕ್ಕಿಲ್ವಾ?" ಅವರು ಕಿಟಕಿಯಾಚೆ ನೋಡಿದ್ರು. "ಕಾಗದದಲ್ಲಿ ಅಕ್ಷರ ಸರಿ ಬರ್ತದಲ್ಲ... ನಂಗೂ ಗೊತ್ತಿಲ್ಲ ಮಗಾ. ಮೆಷಿನ್ ಗಟ್ಟಿ ಹಿಡ್ಕೋ."

ಪಾಸಾದೆ. ಕೆಲಸವೂ ಸಿಕ್ಕಿತು. ಸಂತೋಷ ಪಡುವುದಾ ಹೆದರುವುದಾ, ಆ ಮೆಷಿನ್ ಸೊಸೈಟಿಗೆ ಬರುವುದಿಲ್ಲವಲ್ಲ! ಮೊದಲ ದಿನವೇ ಸೆಕ್ರೆಟರಿಯವರು ಕಾಗದ ಎತ್ತಿ ಹಿಡಿದು, "ಇದೆಂಥ ಭಾಷೆ ಮಾರಾಯ್ತಿ? ನೀನು ಪಾಸಾದದ್ದು ಹೌದಾ?" ಅಂದ್ರು. ಒಂದು ತಿಂಗಳಲ್ಲಿ ಸರಿಯಾಗದಿದ್ರೆ ಬೇಡ ಅಂತಲೂ ಅಂದ್ರು. ಸಂಜೆ ಓಡಿಕೊಂಡು ಮಾಷ್ಟ್ರ ಹತ್ರ ಹೋದೆ. ಅವರು ನನ್ನ ಪಕ್ಕಕ್ಕೆ ಸ್ಟೂಲು ಎಳ್ಕೊಂಡ್ರು. ದಿನಾ ಸಂಜೆ, ಒಂದೊಂದೇ ಅಕ್ಷರ, ನನ್ನ ಬೆರಳು ಬಿಟ್ಟು ಬೇರೆ ಕಡೆ ಕಣ್ಣು ಹಾಕ್ಲಿಲ್ಲ. "ನಿಧಾನ. ಅದಲ್ಲ. ಪುನಃ." ಒಂದೇ ಒಂದು ಭೇಷ್ ಇಲ್ಲ. ಕಡೆಗೆ ಒಂದು ದಿನ ಪೂರ್ತಿ ಪುಟ ತಪ್ಪಿಲ್ಲದೆ ಹೊಡೆದೆ. ಈಗಲಾದ್ರೂ ಹೇಳ್ತಾರೆ ಅಂತ ಕಾದೆ. ಪುಟವನ್ನು ಮೇಲಿಂದ ಕೆಳಗೆ ಎರಡು ಸಲ ಓದಿ, "ಹಾಂ. ಇನ್ನೊಂದು ಹೊಡಿ" ಅಂದ್ರು. ನಂಗೆ ಎಷ್ಟು ಸಿಟ್ಟು ಬಂತು, ಎಷ್ಟು ಅಳು ಬಂತು! ಕೆಲಸ ಉಳೀತು, ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತೆ, ಆದ್ರೆ ಆ ಭೇಷ್ ಮತ್ತೆ ಸಿಕ್ಕಲೇ ಇಲ್ಲ.

ಈಗ ನೀನೇ ಹೇಳು. ಆ ಭೇಷ್ ಇಲ್ಲದಿದ್ರೆ ನಾನು ಕೆಸರು ತುಳ್ಕೊಂಡು ಹೋಗ್ತಿರ್ಲಿಲ್ಲ, ಇವತ್ತಿಗೂ ಬೀಡಿಯೇ. ಆ ಭೇಷಿನಿಂದಲೇ ತಪ್ಪು ಬೆರಳಿಗೆ ಕೂತದ್ದು, ಅದೂ ಹೌದು. ಹೊಗಳಬೇಕಾ, ಬೈಬೇಕಾ? ನಂಗೆ ಅರ್ಥ ಆಗುವುದಿಲ್ಲಪ್ಪ. ಉಪ್ಪು ನೋಡದೆ ಸಾರು ಬಡಿಸ್ಬಾರ್ದು, ಅಷ್ಟು ಮಾತ್ರ ಗೊತ್ತು. ತೆಗಿ, ಆ ಬೀಜದ ಬುಟ್ಟಿ ಆಚೆ ಇಡು. ಗೆಜ್ಜೆ ಕಟ್ಟು. ಮೊದಲು ನನ್ನ ಕನ್ನಡಕ ತಾ.