ತ್ಸೆಂಗ್ ಬಿಟ್ಟುಕೊಡದ ಯಂತ್ರ

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ನನ್ನ ನಾದಿನಿ ರುಯ್-ಯಿಂಗ್‌ಗೆ ಆದದ್ದು ಇದು.

ರಾತ್ರಿ ಹನ್ನೊಂದು. ನಮ್ಮೂರು ಶಿಂಚುವಿನ ಚಿಪ್ ಕಾರ್ಖಾನೆಗಳ ಹಿಂದಿನ ಆಲದ ಮರ ದಾಟಿ ಪಾಳಿಗೆ ಹೊರಟಿದ್ದಳು. ಹಿಂದೆ ಚಪ್ಪಲಿ ಸದ್ದು. ಸರಕ್... ಸರಕ್... ಇವಳು ನಿಂತರೆ ಅದೂ ನಿಂತಿತು. ಕಿವಿಯ ಬಳಿ ಯಾರೋ ಪಿಸುಗುಟ್ಟಿದರು.

"ಇವತ್ತು ರಜೆ ಹಾಕು."

ಅವಳ ಯಂತ್ರ ನಡೆಸುತ್ತಿದ್ದ ಹಿರಿಯ ತ್ಸೆಂಗ್‌ನ ದನಿ. ಅವನು ಸತ್ತು ನಲವತ್ತು ದಿನವಾಗಿತ್ತು. ಅವಳು ತಿರುಗಲಿಲ್ಲ. ರಾತ್ರಿ ಹೊತ್ತು ಹಿಂದಿನಿಂದ ಕರೆದರೆ ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ದೆವ್ವ ಹಿಡಿಯುತ್ತದೆ ಅಂತ.

ಮೂರು ವರ್ಷ ಆ ಮನುಷ್ಯ ಅವಳ ಜೀವ ಹಿಂಡಿದ್ದ. "ನನ್ನ ಮಿಷನ್ ಮುಟ್ಟಿದ್ರೆ ಕೈ ಮುರೀತೀನಿ, ಹುಷಾರ್!" ಅಯಾನು ಕಿರಣದಿಂದ ಚಿಪ್‌ನೊಳಗಿನ ಚೂರೊಂದನ್ನು ಕೆತ್ತಿ ತೆಗೆಯುವ ಯಂತ್ರ ಅದು. ಚೂರು ಎಂದರೆ ಕೂದಲಿನ ಸಾವಿರದಲ್ಲೊಂದು ಪಾಲು ತೆಳು. ಈಗ ಆ ಕುರ್ಚಿ ಇವಳದು. ಮೇಲಧಿಕಾರಿ ಕೋ ಸಂಜೆಯೇ ಹೇಳಿದ್ದ: "ಕೆಟ್ಟಿರೋ ಚಿಪ್ ಇರೋದು ಒಂದೇ. ದೋಷ ಇರೋ ಜಾಗ ಸುಟ್ಟೆಯೋ, ನಾಳೆಯಿಂದ ಬರಬೇಡ."

ಯಂತ್ರದ ಮೇಲೆ ತ್ಸೆಂಗ್ ಇಟ್ಟಿದ್ದ ಹಸಿರು ಕುರುಕಲು ತಿಂಡಿಯ ಪೊಟ್ಟಣ ಹಾಗೇ ಇತ್ತು. ಯಂತ್ರ ಹಟ ಮಾಡದಿರಲಿ ಅಂತ ಎಲ್ಲರೂ ಇಡುತ್ತಾರೆ. ತಾರೀಖು ಮುಗಿದಾಗ ಹೊಸದನ್ನಿಟ್ಟೇ ಹಳೆಯದನ್ನು ತೆಗೆಯಬೇಕು. ಇವಳು ಹೊಸದಿಡಲಿಲ್ಲ. ಮೂರು ವರ್ಷದ ಸಿಟ್ಟು ನೋಡಿ, ಎತ್ತಿ ಬುಟ್ಟಿಗೆಸೆದಳು.

"ತೊಲಗು, ಮುದುಕಾ!"

ಪಂಪು ಗುಂಯ್ ಎನ್ನುತ್ತಿತ್ತು. ಚೂರು ಸೂಜಿಯ ತುದಿಗೆ ಬಂತು. ತಾಮ್ರದ ಜಾಲರಿಗೆ ಅಂಟಿತು. ಕೊನೆಯ ಹೆರೆತ... ಸಾಕು ಎಂದು ಗುಂಡಿ ಒತ್ತಿದಳು. ಟಕ್. ಕಿರಣ ನಿಲ್ಲಲಿಲ್ಲ. ಟಕ್, ಟಕ್! ತೆರೆಯ ಮೇಲೆ ಚೂರು ಅಂಚಿನಿಂದ ಕರಗುತ್ತ ಬಂತು. ದೋಷದ ಜಾಗವೂ ಹೋಯಿತು. ಕಡೆಗೆ ಬರೀ ಜಾಲರಿ.

"ತ್ಸೆಂಗಣ್ಣಾ... ಹೊಟ್ಟೆಪಾಡು, ಬಿಟ್ಟುಬಿಡಿ."

"ಏಳು," ಎಂದಿತು ಬೆನ್ನ ಹಿಂದಿನ ದನಿ. "ನನ್ ಕುರ್ಚಿ."

ಎದ್ದೆನೋ ಬಿದ್ದೆನೋ ಎಂದು ಓಡಿದಳು.

ಬೆಳಿಗ್ಗೆ ಬೈಸಿಕೊಳ್ಳಲು ಹೋದರೆ ಕೋ ನಗುತ್ತಿದ್ದ. ಮೇಜಿನ ಮೇಲಿನ ಡಬ್ಬಿಯಲ್ಲಿ ಅದೇ ಜಾಲರಿ, ಅದರಲ್ಲಿ ಚೂರು, ಚೂರಿನ ನಟ್ಟನಡುವೆ ದೋಷ. ಅವನು ಆಗಲೇ ಪರೀಕ್ಷಿಸಿಯೂ ಆಗಿತ್ತು.

"ಭೇಷ್! ತ್ಸೆಂಗ್ ಮಾಡಿದ ಹಾಗೇ ಇದೆಯಲ್ಲೇ. ನಿಂದೇ ಕೈ ತಾನೆ?"

ಹೂಂ ಅಂದಿದ್ದರೆ ಕೆಲಸ ಉಳಿಯುತ್ತಿತ್ತು. ಅವಳು ಗುರುತಿನ ಚೀಟಿ ಬಿಚ್ಚಿ ಮೇಜಿನ ಮೇಲಿಟ್ಟು ಮನೆಗೆ ಬಂದಳು. ಸತ್ತ ಮೇಲೂ ಆ ಪಾಪಿ ಕುರ್ಚಿ ಬಿಡಲಿಲ್ಲ ನೋಡಿ.

ಅದೇ ಕಾರ್ಖಾನೆಯಲ್ಲಿ ದುಡಿಯುವವನು ನಾನು. ಯಂತ್ರ ತಾನೇ ಬರೆದುಕೊಳ್ಳುವ ದಾಖಲೆಯನ್ನು ಈ ಕಣ್ಣಿಂದ ಓದಿದ್ದೇನೆ, ಆಣೆ. ಚೂರು ಹೊರಗೆ ಬರಬೇಕಾದರೆ ಯಂತ್ರದ ಬಾಗಿಲು ತೆರೆಯಲೇಬೇಕು... ಆ ರಾತ್ರಿ ಅವಳು ಚಿಪ್ ಒಳಗಿಟ್ಟ ಹನ್ನೊಂದೂವರೆಯಿಂದ ಬೆಳಗಿನವರೆಗೆ ಬಾಗಿಲು ಒಂದು ಸಲವೂ ತೆರೆದಿಲ್ಲ.